ಕಾರಿನ ತಂಪೂ ಮನೆಯ ರಿಪೇರಿಯೂ

ಊರಿನಲ್ಲಿ ಸೈಕಲ್ ಪಂಕ್ಚರನ್ನೂ ತಾವೇ ಹಾಕಿಕೊಳ್ಳದಿದ್ದ ನಮ್ಮವರು ಅಮೆರಿಕಕ್ಕೆ ಬಂದ ಮೇಲೆ, ಮೆಕ್ಯಾನಿಕ್ಕಿನ ಗಂಟೆ ಲೆಕ್ಕದ ಕೂಲಿ ಕೇಳಿ, ಗರಾಜಿನಲ್ಲಿ ಕಾರಿನಡಿ ಮಲಗುವುದನ್ನು ಕಲಿಯುತ್ತಾರೆ. ಆಯಿಲ್ ಬದಲಾವಣೆ, ಬ್ಯಾಟರಿ, ಬ್ರೇಕ್ ಪ್ಯಾಡು ಇವೆಲ್ಲ ಕೈಗೆ ಹತ್ತಿಬಿಡುತ್ತವೆ. ಆದರೆ ಏರ್ ಕಂಡೀಷನರ್ ಕೆಟ್ಟಾಗ ಮಾತ್ರ ವಿಷಯ ಬೇರೆ. ಅಲ್ಲಿ ಕೈಚಳಕದ ಜೊತೆಗೆ ರಸಾಯನಶಾಸ್ತ್ರವೂ ಕಾನೂನೂ ಬಂದು ನಿಲ್ಲುತ್ತವೆ. ಇದು ಹೀಗೇಕಾಯಿತು ಎಂದು ನಮ್ಮ ಕೂಟದ ಕೆಲವು ಸದಸ್ಯರು ಕೇಳಿದ್ದರಿಂದ ಈ ಲೇಖನ.

ಕಾರಿನೊಳಗೆ ತಂಪು ಬೇಕೆಂಬ ಆಸೆ ಹಳೆಯದು. ನಮ್ಮ ಕಡೆ ಬೇಸಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಲ್ಲ, ಅದೇ ತತ್ತ್ವದ ಒಂದು ತಗಡಿನ ಉರುಳೆಯನ್ನು ಇಲ್ಲಿನವರು ಕಾರಿನ ಕಿಟಕಿಗೆ ಸಿಕ್ಕಿಸಿ, ಒಳಗೆ ನೀರು ತುಂಬಿ, ಅರಿಜೋನಾದ ಮರುಭೂಮಿ ದಾಟುತ್ತಿದ್ದರು. ಒಣ ಹವೆಯಲ್ಲಿ ಮಾತ್ರ ಅದರ ಆಟ. ಹೂಸ್ಟನ್ನಿನಂಥ ಬೆವರಿನ ಊರಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿಗೆ ರೆಫ್ರಿಜರೇಟರಿನ ಯಂತ್ರವೇ ಬೇಕು.

ಆ ಯಂತ್ರದ ಗುಟ್ಟು ಸರಳ. ಸುಲಭವಾಗಿ ಕುದಿಯುವ ಒಂದು ದ್ರವ ಆವಿಯಾಗುವಾಗ ಸುತ್ತಲ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಒತ್ತಿ ಮತ್ತೆ ದ್ರವ ಮಾಡಿದರೆ ಹೀರಿದ ಶಾಖವನ್ನು ಹೊರಗೆ ಬಿಡುತ್ತದೆ. ತೊಡಕೆಲ್ಲ ಆ ದ್ರವ ಯಾವುದು ಎಂಬುದರಲ್ಲಿ. 1920ರ ದಶಕದ ಫ್ರಿಜ್ಜುಗಳಲ್ಲಿದ್ದದ್ದು ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಸೋರಿದರೆ ಮನೆಯವರ ಪ್ರಾಣಕ್ಕೇ ಸಂಚಕಾರ. ಮುಚ್ಚಿದ ಕಾರಿನಲ್ಲಂತೂ ಕೇಳುವುದೇ ಬೇಡ.

1928ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ, ಹೆನ್ ಮತ್ತು ಮ್ಯಾಕ್ನೇರಿ ಎಂಬ ಇಬ್ಬರು ಸಹೋದ್ಯೋಗಿಗಳ ಜೊತೆ, ವಿಷವೂ ಅಲ್ಲದ, ಉರಿಯದ ಒಂದು ಶೀತಕವನ್ನು ಹುಡುಕಿದರು. ಸಿಕ್ಕಿದ್ದು ಡೈಕ್ಲೋರೋಡೈಫ್ಲೂರೋಮೀಥೇನ್, ಮುಂದೆ ಫ್ರಿಯಾನ್-12, ಆರ್-12 ಎಂದೆಲ್ಲ ಹೆಸರಾದದ್ದು. ಕುದಿಬಿಂದು ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಈ ಶೋಧದಲ್ಲಿ ಮಿಜ್ಲಿಯವರೇ ಹೇಳಿಕೊಂಡ ಒಂದು ಸಂಗತಿ ನನ್ನ ವೃತ್ತಿಯವರಿಗೆಲ್ಲ ಪ್ರಿಯವಾದದ್ದು. ಅನಿಲವನ್ನು ತಯಾರಿಸಲು ಅವರು ತರಿಸಿದ್ದು ಆಂಟಿಮನಿ ಟ್ರೈಫ್ಲೂರೈಡಿನ ಐದು ಪುಟ್ಟ ಸೀಸೆಗಳು. ಮೊದಲ ಸೀಸೆಯಿಂದ ಮಾಡಿದ ಅನಿಲವನ್ನು ಒಂದು ಗಿನಿ ಹಂದಿಗೆ ಕುಡಿಸಿದರು; ಅದಕ್ಕೆ ಏನೂ ಆಗಲಿಲ್ಲ. ಎರಡನೆಯ ಸೀಸೆಯದಕ್ಕೆ ಗಿನಿ ಹಂದಿ ಸತ್ತಿತು. ಪರೀಕ್ಷಿಸಿದರೆ, ಉಳಿದ ನಾಲ್ಕೂ ಸೀಸೆಗಳಲ್ಲಿ ನೀರಿನ ಅಂಶವಿದ್ದ ಕಲಬೆರಕೆ. ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತಿತ್ತು. ಕೈಗೆ ಮೊದಲು ಸಿಕ್ಕಿದ್ದು ಆ ನಾಲ್ಕರಲ್ಲಿ ಒಂದಾಗಿದ್ದರೆ ಅವರು ಬಹುಶಃ ಪ್ರಯತ್ನವನ್ನೇ ಕೈಬಿಡುತ್ತಿದ್ದರು. 1930ರಲ್ಲಿ ರಸಾಯನಜ್ಞರ ಸಭೆಯೊಂದರಲ್ಲಿ ಮಿಜ್ಲಿ ಈ ಅನಿಲವನ್ನು ಎಲ್ಲರೆದುರು ಉಸಿರಿನೊಳಕ್ಕೆ ಎಳೆದುಕೊಂಡು, ಅದೇ ಉಸಿರಿನಿಂದ ಉರಿಯುವ ಮೇಣದಬತ್ತಿಯನ್ನು ಆರಿಸಿ ತೋರಿಸಿದರು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಹಾಶಯರದು ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.

ಕಾರ್ಖಾನೆಯಲ್ಲೇ ಏರ್ ಕಂಡೀಷನರ್ ಕೂರಿಸಿದ ಮೊದಲ ಕಾರನ್ನು ತೋರಿಸಿದ್ದು ಪ್ಯಾಕಾರ್ಡ್ ಕಂಪೆನಿ, 1939ರ ಕೊನೆಯಲ್ಲಿ. ತಂಪು ಮಾಡುವ ಭಾಗ ಡಿಕ್ಕಿಯ ಅರ್ಧ ಜಾಗ ತಿನ್ನುತ್ತಿತ್ತು. ಅದನ್ನು ನಿಲ್ಲಿಸಲು ಗುಂಡಿಯೇ ಇರಲಿಲ್ಲ. ಎಂಜಿನ್ ನಿಲ್ಲಿಸಿ, ಹುಡ್ ಎತ್ತಿ, ಬೆಲ್ಟನ್ನು ಕೈಯಿಂದ ಕಳಚಬೇಕಿತ್ತು. ಎರಡೇ ವರ್ಷದಲ್ಲಿ ಕೈಬಿಟ್ಟರು. ಯುದ್ಧ ಮುಗಿದು, 1953ರಲ್ಲಿ ದೊಡ್ಡ ಕಂಪೆನಿಗಳು ಮತ್ತೆ ಕೈ ಹಾಕಿದವು. 1954ರ ನ್ಯಾಶ್ ಕಾರಿನಲ್ಲಿ ಇಡೀ ವ್ಯವಸ್ಥೆ ಮುಂಭಾಗಕ್ಕೆ ಬಂತು. 1969ರ ಹೊತ್ತಿಗೆ ಇಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಏರ್ ಕಂಡೀಷನರ್ ಇತ್ತು.

ಮನೆಯ ಫ್ರಿಜ್ಜು ಇಪ್ಪತ್ತು ವರ್ಷ ಒಂದೇ ಅನಿಲದಲ್ಲಿ ಓಡುತ್ತದೆ, ಕಾರಿನದೇಕೆ ಸೋರುತ್ತದೆ? ಫ್ರಿಜ್ಜಿನಲ್ಲಿ ಮೋಟಾರೂ ಕಂಪ್ರೆಸರೂ ಒಂದೇ ಉಕ್ಕಿನ ಡಬ್ಬದೊಳಗೆ ಬೆಸುಗೆಯಾಗಿ ಕೂತಿರುತ್ತವೆ. ಕಾರಿನಲ್ಲಿ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು; ಆದ್ದರಿಂದ ಅದರ ಅಚ್ಚು ಹೊರಗೆ ಚಾಚಲೇಬೇಕು, ಅಲ್ಲೊಂದು ಸೀಲು ಸವೆಯಲೇಬೇಕು. ಎಂಜಿನ್ ಅಲುಗಾಡುವುದರಿಂದ ಲೋಹದ ಕೊಳವೆ ನಡೆಯದು, ರಬ್ಬರ್ ಹೋಸ್ ಬೇಕು. ರಬ್ಬರಿನ ಮೂಲಕ ಅನಿಲ ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತದೆ. ಪ್ರತಿ ಬೇಸಗೆಯ ಮೊದಲು ಒಂದಿಷ್ಟು ತುಂಬಿಸುವುದು ಆಗಿನ ವಾಡಿಕೆ. ಮನೆಯಲ್ಲೇ ತುಂಬಿಸುವ ಪದ್ಧತಿ ಹುಟ್ಟಿದ್ದು ಹೀಗೆ.

1970ರ ದಶಕದಲ್ಲಿ ಆರ್-12ರ ಪುಟ್ಟ ಡಬ್ಬಿಗಳು ಬಿಡಿಭಾಗದ ಅಂಗಡಿಯಲ್ಲಿ ಎಂಜಿನ್ ಆಯಿಲಿನ ಪಕ್ಕದಲ್ಲೇ ಇರುತ್ತಿದ್ದವು. ಡಬ್ಬಿಗೆ ಒಂದು ತೂತು ಕೊರೆಯುವ ವಾಲ್ವು, ಒಂದು ಹೋಸು, ಅಷ್ಟೆ ಸಾಮಾನು. ಬಹಳ ಕಾರುಗಳಲ್ಲಿ ಗಾಜಿನ ಒಂದು ಸಣ್ಣ ಕಿಂಡಿ ಇರುತ್ತಿತ್ತು. ಗುಳ್ಳೆ ಕಂಡರೆ ಅನಿಲ ಕಡಿಮೆ, ಗುಳ್ಳೆ ನಿಂತರೆ ಸಾಕು ಎಂದು ಲೆಕ್ಕ. ಅಪಾಯವೂ ಇತ್ತು. ಡಬ್ಬಿಯನ್ನು ಕಡಿಮೆ ಒತ್ತಡದ ಬದಿಗೆ ಬದಲಾಗಿ ಹೆಚ್ಚು ಒತ್ತಡದ ಬದಿಗೆ ಜೋಡಿಸಿದರೆ, ಕಂಪ್ರೆಸರ್ ಆ ಒತ್ತಡವನ್ನೆಲ್ಲ ತೆಳು ತಗಡಿನ ಡಬ್ಬಿಯೊಳಕ್ಕೆ ನೂಕಿ ಅದು ಕೈಯಲ್ಲೇ ಸಿಡಿಯಬಹುದಾಗಿತ್ತು. ಸೋರುವ ಜಾಗ ಹುಡುಕುವುದಕ್ಕೆ ಪ್ರೊಪೇನ್ ದೀಪ: ತಾಮ್ರದ ತಗಡು ಕಾದಿರುವ ಜ್ವಾಲೆಗೆ ಕ್ಲೋರೀನ್ ಇರುವ ಅನಿಲ ತಾಗಿದರೆ ಜ್ವಾಲೆ ಹಸಿರಾಗುತ್ತದೆ. 1872ರಲ್ಲಿ ಬೈಲ್‌ಸ್ಟೈನ್ ಹೇಳಿಕೊಟ್ಟ ಪರೀಕ್ಷೆಯೇ ಇದು. ನಾವು ಪ್ರಯೋಗಾಲಯದಲ್ಲಿ ಮಾಡುವುದನ್ನು ಮೆಕ್ಯಾನಿಕ್ ಹುಡ್ಡಿನಡಿಯಲ್ಲಿ ಮಾಡುತ್ತಿದ್ದ. ಆ ಜ್ವಾಲೆಯಿಂದಲೂ ಫಾಸ್ಜೀನ್ ಹುಟ್ಟುತ್ತದೆ ಎಂಬುದನ್ನು ಎಷ್ಟು ಜನ ಲೆಕ್ಕಕ್ಕೆ ತೆಗೆದುಕೊಂಡರೋ! ರಿಪೇರಿಗೆ ಮುಂಚೆ ಉಳಿದ ಅನಿಲವನ್ನು ಬಯಲಿಗೆ ಬಿಡುವುದಂತೂ ಮಾಮೂಲು. ವಿಷವಲ್ಲ, ಉರಿಯದು, ಯಾವುದರ ಜೊತೆಗೂ ವರ್ತಿಸದು, ಬಿಟ್ಟರೇನು?

ಆ ‘ಬಿಟ್ಟರೇನು’ ಎಂಬುದಕ್ಕೆ ಉತ್ತರ ಬಂದದ್ದು 1974ರ ಜೂನಿನಲ್ಲಿ. ಕ್ಯಾಲಿಫೋರ್ನಿಯದ ಮೊಲಿನ ಮತ್ತು ರೋಲೆಂಡ್ ‘ನೇಚರ್’ ಪತ್ರಿಕೆಯಲ್ಲಿ ಹೀಗೆ ವಾದಿಸಿದರು: ಕೆಳಗೆ ಯಾವುದರ ಜೊತೆಗೂ ವರ್ತಿಸದ ಕಾರಣದಿಂದಲೇ ಈ ಅಣುಗಳು ನಾಶವಾಗದೆ ವಾಯುಮಂಡಲದ ಮೇಲಿನ ಸ್ತರಕ್ಕೆ ಏರುತ್ತವೆ; ಅಲ್ಲಿ ಅತಿನೇರಿಳೆ ಕಿರಣಕ್ಕೆ ಸಿಕ್ಕಿ ಒಡೆದು ಕ್ಲೋರೀನ್ ಪರಮಾಣುವನ್ನು ಬಿಡುತ್ತವೆ; ಒಂದು ಕ್ಲೋರೀನ್ ಸಾವಿರಾರು ಓಜೋನ್ ಅಣುಗಳನ್ನು ಕೆಡಿಸುತ್ತದೆ. ಮಿಜ್ಲಿ ಹೆಮ್ಮೆಪಟ್ಟ ಗುಣವೇ ದೋಷವಾಯಿತು.

ಮರುವರ್ಷ ಬಂದ ಇನ್ನೊಂದು ಲೇಖನ ನಮ್ಮವರಿಗೆ ಹತ್ತಿರದ್ದು. ವೀರಭದ್ರನ್ ರಾಮನಾಥನ್ ಹುಟ್ಟಿದ್ದು ಮಧುರೆಯಲ್ಲಿ. ಹನ್ನೊಂದನೆಯ ವಯಸ್ಸಿಗೆ ಬೆಂಗಳೂರಿಗೆ ಬಂದಾಗ ಶಾಲೆಯ ಇಂಗ್ಲಿಷ್ ಅರ್ಥವಾಗದೆ, ಪಾಠ ಕೇಳುವುದನ್ನು ಬಿಟ್ಟು ಎಲ್ಲವನ್ನೂ ತಾವೇ ಬಿಡಿಸಿಕೊಳ್ಳುವುದನ್ನು ಕಲಿತೆನೆಂದು ಹೇಳಿಕೊಂಡಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಂಪೆನಿ ಸೇರಿದರು. ಅಲ್ಲಿ ಅವರ ಕೆಲಸ, ಶೀತಕ ಇಷ್ಟು ಬೇಗ ಏಕೆ ಸೋರಿಹೋಗುತ್ತದೆಂದು ಪತ್ತೆ ಮಾಡುವುದು! ಬಳಿಕ ನಮ್ಮ ಟಾಟಾ ಇನ್‌ಸ್ಟಿಟ್ಯೂಟು, ಅಲ್ಲಿಂದ ಅಮೆರಿಕ. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಇದೇ ಅನಿಲಗಳು ಓಜೋನಿನ ಮಾತಿರಲಿ, ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲೂ ಇಂಗಾಲದ ಡೈಆಕ್ಸೈಡಿಗಿಂತ ಅಣುವಿಗೆ ಅಣು ಸಾವಿರಾರು ಪಾಲು ಪ್ರಬಲ ಎಂದು ತೋರಿಸಿದರು. ಸಿಕಂದರಾಬಾದಿನಲ್ಲಿ ಸೋರಿದ್ದು ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಅವರೇ ಮುಗಿಸಿದಂತಾಯಿತು.

1978ರಲ್ಲಿ ಅಮೆರಿಕ ಸಿಂಪಡಿಸುವ ಡಬ್ಬಿಗಳಲ್ಲಿ ಇವುಗಳ ಬಳಕೆಯನ್ನು ನಿಲ್ಲಿಸಿತು, ಕಾರನ್ನು ಮುಟ್ಟಲಿಲ್ಲ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಜೋನ್ ಕುಸಿದಿರುವುದನ್ನು ವರದಿ ಮಾಡಿದ ಮೇಲೆ ವಾದ ಉಳಿಯಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ಮಾಂಟ್ರಿಯಲ್ ಒಪ್ಪಂದ. 1992ರ ನವೆಂಬರಿನಿಂದ ಇಲ್ಲಿ ಆರ್-12ರ ಪುಟ್ಟ ಡಬ್ಬಿ ಪ್ರಮಾಣಪತ್ರ ಪಡೆದ ಮೆಕ್ಯಾನಿಕ್ಕಿಗೆ ಮಾತ್ರ. 1995ರ ಕೊನೆಗೆ ಮುಂದುವರಿದ ದೇಶಗಳಲ್ಲಿ ತಯಾರಿಕೆಯೇ ನಿಂತಿತು. ಹಳೆಯ ಕಾರು ಇಟ್ಟುಕೊಂಡವರ ಪಾಡು ನೋಡಿ: ಹೊಸ ಕಾರಿಗೆ ದುಡ್ಡಿಲ್ಲದ ವಿದ್ಯಾರ್ಥಿಗಳಿಗೇ, ಕೂಲಿಯವರಿಗೇ ಆ ಬೆಲೆಯ ಬಿಸಿ ತಟ್ಟಿತು. ಬೆಲೆ ಏರಿದಂತೆ ಕಳ್ಳಸಾಗಣೆ ಹುಟ್ಟಿತು. ಮಯಾಮಿ ಬಂದರಿನಲ್ಲಿ ಅಧಿಕಾರಿಗಳು ಮಾದಕ ಪದಾರ್ಥದ ಜೊತೆಗೆ ಫ್ರಿಯಾನ್ ಸಿಲಿಂಡರುಗಳನ್ನೂ ಹಿಡಿಯುವಂತಾಯಿತು. ಕೆಲವರು ಪ್ರೊಪೇನ್ ಬೆರೆಸಿದ ಅನಿಲ ಮಾರಿದರು. ತಂಪೇನೋ ಚೆನ್ನಾಗಿಯೇ ಕೊಡುತ್ತದೆ. ಆದರೆ ಅದಕ್ಕೆಂದು ಕಟ್ಟದ ಹಳೆಯ ಕಾರಿನಲ್ಲಿ ಸೋರಿದರೆ ಸಿಗರೇಟು ಹಚ್ಚುವವನ ಗತಿಯೇನು? ಸರಕಾರ ಅದನ್ನು ತಡೆದದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಬದಲಿಗೆ ಬಂದದ್ದು ಆರ್-134ಎ. ಇದರಲ್ಲಿ ಕ್ಲೋರೀನ್ ಇಲ್ಲ, ಓಜೋನಿಗೆ ಭಯವಿಲ್ಲ. 1994ರ ಹೊತ್ತಿಗೆ ಹೊಸ ಕಾರುಗಳೆಲ್ಲ ಇದಕ್ಕೆ ತಿರುಗಿದವು. ಹಳೆಯ ಖನಿಜ ತೈಲ ಇದರಲ್ಲಿ ಕರಗದ್ದರಿಂದ ಬೇರೆ ಕೃತಕ ತೈಲ ಬಂತು. ಆ ತೈಲಕ್ಕೆ ನೀರನ್ನು ಹೀರುವ ಚಟ. ಹಸಿರು ಜ್ವಾಲೆಯ ದೀಪ ಮೂಲೆ ಸೇರಿತು, ಹೊಳೆಯುವ ಬಣ್ಣ ಹಾಕಿ ಅತಿನೇರಿಳೆ ಟಾರ್ಚಿನಲ್ಲಿ ಸೋರಿಕೆ ನೋಡುವುದು ರೂಢಿಯಾಯಿತು. ಎರಡು ಬದಿಯ ಬಾಯಿಗಳನ್ನೂ ಬೇರೆ ಬೇರೆ ಅಳತೆಯಲ್ಲಿ ಮಾಡಿದ್ದರಿಂದ, ಡಬ್ಬಿಯ ಹೋಸು ಹೆಚ್ಚು ಒತ್ತಡದ ಬದಿಗೆ ಕೂರುವುದೇ ಇಲ್ಲ. ಒಬ್ಬ ಜಾಣ ಎಂಜಿನಿಯರು ಎಷ್ಟು ಕೈಗಳನ್ನು ಉಳಿಸಿದನೋ. ಹೀಗೆ ಡಬ್ಬಿ ಮತ್ತೆ ಗರಾಜಿಗೆ ಬಂತು.

ಡಬ್ಬಿಯ ಮೇಲಿನ ಬಣ್ಣದ ಮೀಟರನ್ನು ನಂಬುವವರಿಗೆ ಒಂದು ಮಾತು. ನಿಂತ ಕಾರಿನಲ್ಲಿ 25 ಡಿಗ್ರಿ ಹವೆಗೆ ಒತ್ತಡ ಸುಮಾರು 82 ಪೌಂಡು ತೋರಿಸಿದರೆ, ಒಳಗೆ ಎಲ್ಲೋ ಸ್ವಲ್ಪ ದ್ರವ ಇದೆಯೆಂದಷ್ಟೇ ಅರ್ಥ. ಒಂದು ಚಮಚ ದ್ರವವಿದ್ದರೂ ಅದೇ ಒತ್ತಡ, ಒಂದು ಸೇರು ಇದ್ದರೂ ಅದೇ. ಪ್ರಮಾಣ ತಿಳಿಯಲು ತೂಕವೇ ಗತಿ; ಎಷ್ಟು ತೂಕವೆಂದು ಹುಡ್ಡಿನ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಹಳೆಯ ದೊಡ್ಡ ಕಾರುಗಳಲ್ಲಿ ಒಂದೂವರೆ ಕಿಲೋ ಹಿಡಿಯುತ್ತಿದ್ದರೆ, ಈಗಿನವಲ್ಲಿ ಅರ್ಧ ಕಿಲೋ ಆಸುಪಾಸು. ನೂರು ಗ್ರಾಂ ಹೆಚ್ಚುಕಡಿಮೆಯಾದರೂ ತಂಪು ಕೆಡುತ್ತದೆ. ವ್ಯವಸ್ಥೆಯನ್ನು ಒಮ್ಮೆ ಬಿಚ್ಚಿದರೆ ನಿರ್ವಾತ ಪಂಪು ಹಚ್ಚಿ ಗಾಳಿಯನ್ನೂ ನೀರನ್ನೂ ಎಳೆದು ತೆಗೆಯಲೇಬೇಕು. ಒಳಗುಳಿದ ನೀರು ಕಿರಿದಾದ ಕಂಡಿಯಲ್ಲಿ ಹಿಮಗಟ್ಟುತ್ತದೆ, ಲೋಹವನ್ನೂ ತಿನ್ನುತ್ತದೆ. ಸೋರುವ ತೂತನ್ನು ಮುಚ್ಚದೆ ವರ್ಷ ವರ್ಷ ಡಬ್ಬಿ ಸುರಿಯುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಬೇಕೆಂದೇ ಬಯಲಿಗೆ ಬಿಡುವುದು 1995ರ ನವೆಂಬರಿನಿಂದ ಈ ಅನಿಲಕ್ಕೂ ಕಾನೂನು ಪ್ರಕಾರ ಅಪರಾಧ.

ಏಕೆಂದರೆ ರಾಮನಾಥನ್ನರ ಲೆಕ್ಕದಿಂದ 134ಎ ಕೂಡ ತಪ್ಪಿಸಿಕೊಳ್ಳಲಿಲ್ಲ: ನೂರು ವರ್ಷದ ಗಣನೆಯಲ್ಲಿ ಇಂಗಾಲದ ಡೈಆಕ್ಸೈಡಿನ ಸಾವಿರ ಪಾಲಿಗೂ ಮೀರಿ ಶಾಖ ಹಿಡಿಯುತ್ತದೆ. 2010ರಿಂದ ಕ್ಯಾಲಿಫೋರ್ನಿಯದಲ್ಲಿ ಡಬ್ಬಿಗೆ ಠೇವಣಿ ಕಟ್ಟಿ, ಖಾಲಿಯಾದ ಮೇಲೆ ಹಿಂದಿರುಗಿಸಬೇಕು. 2018ರಿಂದ ದೇಶದಾದ್ಯಂತ ತಾನೇ ಮುಚ್ಚಿಕೊಳ್ಳುವ ವಾಲ್ವಿನ ಡಬ್ಬಿಗಳನ್ನೇ ಮಾಡಬೇಕೆಂದು ನಿಯಮವಾಯಿತು. ಅರ್ಧ ಬಳಸಿ ಉಳಿದದ್ದನ್ನು ಮುಂದಿನ ಬೇಸಗೆಗೆ ಇಡಬಹುದು. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಲ್ಲಿ 134ಎ ಇಲ್ಲ. ಅದರ ಜಾಗಕ್ಕೆ ಬಂದಿರುವ ಆರ್-1234ವೈಎಫ್ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಆದರೆ ಅಲ್ಪಸ್ವಲ್ಪ ಉರಿಯುತ್ತದೆ, ಬೆಲೆಯೂ ಬಹಳ, ಒಡೆದ ಮೇಲೆ ಟ್ರೈಫ್ಲೂರೋಅಸಿಟಿಕ್ ಆಮ್ಲವಾಗಿ ಮಳೆಯಲ್ಲಿ ಇಳಿಯುತ್ತದೆ. ಅದರ ಮೇಲೆ ನಮ್ಮವರ ವಾದ ಇನ್ನೂ ನಡೆದಿದೆ.

ನಿಮ್ಮ ಕಾರು ಕಳೆದ ಕೆಲವು ವರ್ಷಗಳದ್ದಾದರೆ ಕೊಳ್ಳುವ ಮುನ್ನ ಹುಡ್ಡಿನ ಚೀಟಿ ಓದಿ. ಹೊಸ ಅನಿಲದ ಪುಟ್ಟ ಡಬ್ಬಿಗೆ ಎಡಗೈ ತಿರುಪು; ಬಲಕ್ಕೆ ತಿರುಗಿಸುತ್ತ ಕೂತರೆ ಅದು ಎಂದಿಗೂ ಕೂರದು.