ಬೆರಳ ಮೇಲಿನ ಶಾಯಿ

ನಮ್ಮ ಮೈಸೂರಿನಿಂದ ಹೊರಗೆ ಹೋಗುವ ಸಾಮಾನು ಯಾವುದೆಂದರೆ ಎಲ್ಲರೂ ರೇಷ್ಮೆ ಸೀರೆ, ಗಂಧದೆಣ್ಣೆ, ಊದುಬತ್ತಿ ಎನ್ನುತ್ತಾರೆ. ಇವೆಲ್ಲಕ್ಕಿಂತ ಹೆಚ್ಚು ಮನೆಗಳಿಗೆ ಹೋಗುವ ಇನ್ನೊಂದು ಸಾಮಾನು ಯಾರ ನೆನಪಿಗೂ ಬರುವುದಿಲ್ಲ. ಅದು ಮತ ಹಾಕಿದವರ ಎಡಗೈ ತೋರುಬೆರಳಿಗೆ ಬಳಿಯುವ ಶಾಯಿ. ಅದನ್ನು ಮಾಡುವುದು ಬನ್ನಿಮಂಟಪದ ಕಡೆ ಇರುವ ಮೈಸೂರು ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಕಾರ್ಖಾನೆ ಅದು. 1962ರ ಮಹಾಚುನಾವಣೆಯಿಂದ ಇಂದಿನವರೆಗೆ ದೇಶದ ಮತದಾರರ ಬೆರಳಿಗೆ ಇಲ್ಲಿಂದಲೇ ಶಾಯಿ ಹೋಗುತ್ತಿದೆ.

ಈ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬೆಳಕು ತಾಗಿದರೆ ಅದು ಕಪ್ಪಾಗಿ ಕೂತುಬಿಡುತ್ತದೆ. ಸೀಗೆಪುಡಿ, ಸೋಪು, ನಿಂಬೆಹಣ್ಣು ಯಾವುದಕ್ಕೂ ಬಗ್ಗುವುದಿಲ್ಲ. ಚರ್ಮದ ಮೇಲಿನ ಗುರುತು ಕೆಲವು ವಾರಗಳಲ್ಲಿ ಹೋದೀತು, ಉಗುರಿನ ಮೇಲಿನದು ಮಾತ್ರ ಉಗುರು ಬೆಳೆದು ಕತ್ತರಿಸುವ ತನಕ ಹೋಗುವುದಿಲ್ಲ.

2024ರ ಏಪ್ರಿಲ್ 26ರಂದು ನಾನೂ ಎದುರು ಮನೆಯವರೂ ಒಟ್ಟಿಗೇ ಮತ ಹಾಕಿ ಬಂದೆವು. ಮೂವತ್ತು ವರ್ಷದ ಒಡನಾಟ ನಮ್ಮದು. ಅವರ ಮನೆಯ ಹಬ್ಬದೂಟ ನಮ್ಮ ಮನೆಗೆ, ನಮ್ಮ ಮನೆಯದು ಅವರ ಮನೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಓಡಾಡುತ್ತಿತ್ತು. ಜೂನ್ 4ರಂದು ಎಣಿಕೆಯಾಯಿತು. ಅಂದು ಸಂಜೆ ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಅವರು ಏನೋ ಹಾಕಿದರು, ನಾನು ಚುಚ್ಚಿ ಉತ್ತರ ಕೊಟ್ಟೆ. "ನಿಮ್ಮಂಥವರಿಂದಲೇ ದೇಶ ಹಾಳಾಗಿರೋದು" ಎಂದು ಬರೆದವಳು ನಾನು. ಅವರು ಗುಂಪು ಬಿಟ್ಟರು. ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು.

ಹೀಗೆ ಮಾತು ಮುರಿಯುವುದನ್ನು ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲೇ ನೋಡಿದ್ದೆ. ಅದು 1978. ಆ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾಗಾಂಧಿಯವರಿಗೆ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಾಳಿ ಜನತಾಪಕ್ಷದ ವೀರೇಂದ್ರ ಪಾಟೀಲರು. ದೇಶದ ಕಣ್ಣೆಲ್ಲ ಕಾಫಿ ತೋಟಗಳ ಆ ಜಿಲ್ಲೆಯ ಮೇಲಿತ್ತು.

ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಮಾವನವರು ಇಂದಿರಾ ಪಕ್ಷ, ಚಿಕ್ಕಮಾವನವರು ಜನತಾಪಕ್ಷ. ಇಬ್ಬರಿಗೂ ಕಾರಣಗಳಿದ್ದವು. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರರ ಮನೆಯಲ್ಲಿ ಒಲೆ ಹೊತ್ತಿದ್ದನ್ನು ಮಾವನವರು ತಮ್ಮ ಹಳ್ಳಿಯಲ್ಲಿ ಕಣ್ಣಾರೆ ನೋಡಿದ್ದರು. ಚಿಕ್ಕಮಾವನವರ ಸ್ನೇಹಿತರೊಬ್ಬರು ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದು ಬಂದಿದ್ದರು. ಮೊದಮೊದಲು ಕಾಫಿಯ ಜೊತೆಗೆ ನಡೆಯುತ್ತಿದ್ದ ವಾದ ಫಲಿತಾಂಶದ ದಿನ ಕೆಟ್ಟಿತು. ಇಂದಿರಾ ಸುಮಾರು 77 ಸಾವಿರ ಮತಗಳಿಂದ ಗೆದ್ದಿದ್ದರು. "ನಿನಗೆ ಗುಲಾಮಗಿರಿಯೇ ಇಷ್ಟ, ಅಣ್ಣ" ಎಂದರು ಚಿಕ್ಕಮಾವನವರು. "ಹಾಗಾದರೆ ಗುಲಾಮನ ಮನೆ ಅನ್ನ ಉಣ್ಣಬೇಡ ಹೋಗು" ಎಂದರು ಮಾವನವರು. ಅವರು ಬಟ್ಟಲಿನ ಕಾಫಿಯನ್ನು ಹಾಗೇ ಬಿಟ್ಟು ಹೋದರು. ನನ್ನ ನಾದಿನಿಯ ಮದುವೆಗೂ ಬರಲಿಲ್ಲ. ಧಾರೆಯ ಹೊತ್ತಿನಲ್ಲಿ ಮಾವನವರ ಕಣ್ಣು ಛತ್ರದ ಬಾಗಿಲ ಕಡೆಗೇ ಇದ್ದದ್ದು ನನಗೆ ಇನ್ನೂ ನೆನಪಿದೆ.

ಅತ್ತ ರಾಜಕೀಯ ಎಲ್ಲಿಗೆ ಹೋಯಿತು? ಇಂದಿರಾರನ್ನು ಚಿಕ್ಕಮಗಳೂರಿಗೆ ಕರೆತಂದ ಅರಸರು 1979ರಲ್ಲಿ ಅವರಿಂದಲೇ ದೂರವಾದರು. ಅವರ ಎದುರು ಸೋತ ವೀರೇಂದ್ರ ಪಾಟೀಲರು ಅವರ ಪಕ್ಷಕ್ಕೇ ಸೇರಿ 1980ರಲ್ಲಿ ಅವರ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯೂ ಆದರು. ಮಾವನವರು ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಪ್ರಮಾಣವಚನದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಚಿಕ್ಕಮಾವನವರು ನಮ್ಮ ಮನೆಗೆ ಬಂದರು. ಅಣ್ಣನ ಫೋಟೋ ಮುಂದೆ ಬಹಳ ಹೊತ್ತು ನಿಂತಿದ್ದು, "ನಾವು ಯಾರಿಗೋಸ್ಕರ ಜಗಳ ಆಡಿದ್ವಮ್ಮಾ?" ಎಂದು ಕೇಳಿದರು. ನಾನು ಕಾಫಿ ತಂದುಕೊಟ್ಟೆ. ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಹಾಗೆಂದು ರಾಜಕೀಯದ ಮಾತೇ ಬೇಡ, ಒಲೆ ಮುಂದೆ ಸುಮ್ಮನಿರೋಣ ಎನ್ನಲು ನನಗೆ ಮನಸ್ಸಿಲ್ಲ. ಮಾತನಾಡುವ ಹಕ್ಕು ನಮಗೆ ಸುಲಭವಾಗಿ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಇದೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ, ಬಂದವರು ದಿವಾನರ ವರದಿ ಕೇಳಿ ಅಹವಾಲು ಹೇಳಬಹುದಿತ್ತು ಅಷ್ಟೇ, ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಆ ಸಭೆಯ ವಿಷಯದಲ್ಲಿ ಹೆಂಗಸರಿಗಿದ್ದ ಅಡ್ಡಿ ತೊಲಗಿದ್ದು 1923ರಲ್ಲಿ. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ್ದರು. ಹಾಗಾಗಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯಿತು. ಇಂದು ನಾನು ನನ್ನದೇ ಹೆಸರಿನಲ್ಲಿ ಹೋಗಿ ಬೆರಳು ಚಾಚುತ್ತೇನೆ. ಎದುರು ಮನೆಯವರೂ ಅವರದೇ ಹೆಸರಿನಲ್ಲಿ ಚಾಚುತ್ತಾರೆ. ಅವರ ಮತ ನನ್ನ ಮತದಂತೆಯೇ ಇರಬೇಕು ಎಂದರೆ ನಾನು ಮತ್ತೆ ಆ ಹಳೆಯ ಪಟ್ಟಿಯನ್ನೇ ಬರೆದಂತಾಗುವುದಿಲ್ಲವೆ?

ಮತದಾರರಿಗೂ ಒಂದೇ ಬಣ್ಣ ಇರುವುದಿಲ್ಲ. 1984ರ ಡಿಸೆಂಬರಿನಲ್ಲಿ ಕರ್ನಾಟಕದ ಜನ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಮೂರು ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾಪಕ್ಷವನ್ನು ಬಹುಮತದಿಂದ ಗೆಲ್ಲಿಸಿದರು. ಆಗಲೂ ಈಗಲೂ ಅದೇ ಜನ, ಅದೇ ಬೆರಳು. 'ನಿಮ್ಮಂಥವರು' ಎಂದು ನಾನು ಬರೆದೆನಲ್ಲ, ಅಂಥವರು ಯಾರೂ ಖಾಯಂ ಆಗಿ ಇರುವುದೇ ಇಲ್ಲ. ಅವರು ಹಾಕಿದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸುತ್ತದೆ. ಆದರೆ ಆ ಮಾತನ್ನು ಅವರ ಎದುರಿಗೆ ಕೂತು, ಮುಖ ನೋಡಿಕೊಂಡು ಹೇಳಬೇಕಿತ್ತು.

ಆ ವರ್ಷ ದಸರೆಗೆ ಬೊಂಬೆ ಕೂರಿಸುವ ಮುಂಚಿನ ದಿನ ಉಗುರು ಕತ್ತರಿಸಿಕೊಳ್ಳುವಾಗ ನೋಡಿದೆ, ಶಾಯಿಯ ಕೊನೆಯ ಚೂರೂ ಹೋಗಿತ್ತು. ಹಳೇ ಡಬ್ಬಿಯನ್ನು ತೊಳೆದು, ಖಾಲಿ ಕೊಡಬಾರದೆಂದು ಕಡಲೆಕಾಳಿನ ಉಸಲಿ ತುಂಬಿಕೊಂಡು ರಸ್ತೆ ದಾಟಿದೆ. ಬಾಗಿಲು ತೆರೆದವರು ನನ್ನನ್ನೂ ಡಬ್ಬಿಯನ್ನೂ ನೋಡಿದರು.

"ನಾನು ಹಾಗೆ ಬರೀಬಾರದಿತ್ತು ರೀ" ಎಂದೆ.

"ನಾನೂ ಸುಮ್ಮನಿರಬಹುದಿತ್ತು. ಆದರೂ ನಾನು ಹೇಳಿದ್ದು ಸರಿಯೇ" ಎಂದರು ಅವರು.

"ಸರಿಯಲ್ಲ. ಬನ್ನಿ, ಒಳಗೆ ಕೂತು ಮಾತಾಡೋಣ" ಎಂದೆ. ಅದು ಅವರ ಮನೆ ಎನ್ನುವುದು ನನಗೆ ಆಮೇಲೆ ಹೊಳೆಯಿತು. ಇಬ್ಬರೂ ನಕ್ಕೆವು. ಅಂದು ಸಂಜೆ ಒಂದು ಗಂಟೆ ವಾದ ಮಾಡಿದೆವು. ಯಾರೂ ಸೋಲಲಿಲ್ಲ. ಹೊರಡುವಾಗ ಡಬ್ಬಿಯಲ್ಲಿ ಸಕ್ಕರೆ ಹಾಕಿ ಕೊಟ್ಟರು.