ಬರೀ ಸಕ್ಕರೆ ನೀರು ಯಾಕೆ ಸಾಲದು?

ಚಿಕ್ಕವನಿದ್ದಾಗ ನನಗೆ ಭೇದಿ ಶುರುವಾದ್ರೆ ಸಾಕು, ಅಮ್ಮ ಒಂದು ಲೋಟ ನೀರಿಗೆ ಉಪ್ಪು, ಸಕ್ಕರೆ ಹಾಕಿ ಕದಡಿ ಕುಡಿಸ್ತಿದ್ರು. "ಉಪ್ಪು ಬೇಡ, ಬರೀ ಸಕ್ಕರೆ ಹಾಕು" ಅಂತ ನಾನು ಹಠ ಮಾಡ್ತಿದ್ದೆ. ಎರಡೂ ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಇವತ್ತು ಆ ಕಥೆ ಹೇಳ್ತೀನಿ.

ನಮ್ಮ ಪ್ರತಿ ಜೀವಕೋಶಕ್ಕೂ ಒಂದು ತೆಳುವಾದ ಪೊರೆ ಇದೆ. ಅದರಲ್ಲಿ ಪ್ರೋಟೀನಿನಿಂದಾದ ಬಾಗಿಲುಗಳಿವೆ. ಕಾಲರಾ ಬ್ಯಾಕ್ಟೀರಿಯಾದ ವಿಷ ಕರುಳಿನ ಕೋಶಗಳನ್ನು ಹೊಕ್ಕರೆ, ಲವಣ ಹೊರಹೋಗುವ ಬಾಗಿಲು ತೆರೆದೇ ಉಳಿಯುತ್ತದೆ. ಲವಣ ಹೋದ ಕಡೆಗೆ ನೀರೂ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ದೇಹ ಒಣಗಿ ಜೀವ ಹೋಗಬಹುದು. ಬರೀ ನೀರು ಕುಡಿದರೆ ಸಾಲದು. ಹಾಗಾಗಿ ವೈದ್ಯರು ರಕ್ತನಾಳಕ್ಕೆ ಸಲೈನ್ ಏರಿಸುತ್ತಿದ್ದರು.

1960ರಲ್ಲಿ ಪ್ರಾಗ್ ನಗರದ ಒಂದು ಸಮ್ಮೇಳನ. ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಅಲ್ಲಿ ಹೊಸದೊಂದು ವಿಚಾರ ಮುಂದಿಟ್ಟರು: ಕರುಳಿನ ಕೋಶದೊಳಗೆ ಗ್ಲೂಕೋಸ್ ಒಂಟಿಯಾಗಿ ಹೋಗೋದಿಲ್ಲ, ಸೋಡಿಯಂ ಜೊತೆಗಿರಬೇಕು. ಅಂದ್ರೆ ಎರಡು ಬೀಗದಕೈ ಒಟ್ಟಿಗೆ ಹಾಕಿದ್ರೆ ಮಾತ್ರ ತೆರೆಯುವ ಬಾಗಿಲು! ಅವೆರಡೂ ಒಳಗೆ ಹೋದರೆ ಹಿಂದೆಯೇ ನೀರು ಹೋಗುತ್ತದೆ. ಇನ್ನೂ ದೊಡ್ಡ ವಿಷಯ ಅಂದ್ರೆ, ಕಾಲರಾ ಬಂದಾಗಲೂ ಈ ಬಾಗಿಲು ಕೆಡೋದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳಲ್ಲೇ ತೋರಿಸಿದರು. ಗ್ಲೂಕೋಸ್, ಲವಣ ಬೆರೆಸಿದ ನೀರು ಕುಡಿದವರಿಗೆ ಸಲೈನ್ ತುಂಬಾ ಕಡಿಮೆ ಸಾಕಾಯಿತು.

ಆದರೂ ಆಸ್ಪತ್ರೆಯ ಹೊರಗೆ ಇದನ್ನು ನಂಬೋದು ಹೇಗೆ? ಉತ್ತರ ಸಿಕ್ಕಿದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ವೇಳೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಅಲ್ಲಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಅವರ ಕೈಯಲ್ಲಿದ್ದ ಸಲೈನ್ ಮುಗಿಯುತ್ತಾ ಬಂತು. ರೋಗಿಗಳು ನೆಲದ ಮೇಲೆ ಮಲಗಿದ್ದರು. ಆಗ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ದ್ರಾವಣ ಮಾಡಿಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದ್ದು ಯಾರು ಗೊತ್ತಾ? ರೋಗಿಗಳ ಮನೆಯವರೇ. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 3.6ಕ್ಕೆ ಇಳಿಯಿತು.

ಇವತ್ತಿನ ಓಆರ್‌ಎಸ್ ಹಿಂದಿರುವುದೂ ಅದೇ ತತ್ವ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಅವರಿಗೆ ಪದ್ಮವಿಭೂಷಣ ಘೋಷಣೆಯಾಗಿದ್ದು ಮರುವರ್ಷ, 2023ರಲ್ಲಿ. ಅಷ್ಟು ತಡವಾಗಿ.

ಮೆಡಿಕಲ್ ಶಾಪ್‌ನಲ್ಲಿ ಕೆಲವೇ ರೂಪಾಯಿಗೆ ಸಿಗೋ ಆ ಪೊಟ್ಟಣದ ಹಿಂದೆ ಇಷ್ಟು ಕಥೆ ಇದೆ. ಮನೇಲಿ ಒಂದೆರಡು ಇಟ್ಟಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ಅಂದಾಜಿಗೆ ಬೇಡ. ಅಂದಹಾಗೆ, ಉಪ್ಪಿನ ವಿಷಯದಲ್ಲಿ ಅಮ್ಮ ಹೇಳಿದ್ದೇ ಸರಿ ಅಂತ ನಾನು ಈಗ ಒಪ್ಕೊಂಡಿದ್ದೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.