ಅಂಚಿನ ಒಂದು ಮಿಲಿಮೀಟರು: ಗುದನಾಳದ ಕ್ಯಾನ್ಸರ್ ಮತ್ತು ಎಂಆರ್‌ಐ

ಗುದನಾಳದ ಕ್ಯಾನ್ಸರನ್ನು ಅಳೆಯಲು ವೈದ್ಯರಿಗೆ ಮೊದಲು ಇದ್ದ ಸಾಧನ ಕೈಬೆರಳು. ಗಡ್ಡೆ ಬೆರಳಿಗೆ ಸಿಗುತ್ತದೆಯೇ, ಅಲುಗುತ್ತದೆಯೇ, ಅಕ್ಕಪಕ್ಕಕ್ಕೆ ಅಂಟಿಕೊಂಡಿದೆಯೇ ಎಂದು ಮುಟ್ಟಿ ನೋಡುವ ಈ ಪರೀಕ್ಷೆಯನ್ನು ಇಂದಿಗೂ ಯಾರೂ ಬಿಟ್ಟಿಲ್ಲ. ಆದರೆ ಸುಮಾರು 15 ಸೆಂಟಿಮೀಟರ್ ಉದ್ದದ ಗುದನಾಳದಲ್ಲಿ ಬೆರಳಿಗೆ ಎಟಕುವುದು ಕೆಳಭಾಗ ಮಾತ್ರ. ಗೋಡೆಯ ಆಚೆ ರೋಗ ಎಷ್ಟು ದೂರ ಹೋಗಿದೆ ಎಂಬುದು ಅದಕ್ಕೆ ತಿಳಿಯದು. ಆ ಆಚೆಯ ಸುದ್ದಿಯನ್ನು ಈಗ ಎಂಆರ್‌ಐ ಹೇಳುತ್ತದೆ. ಅದಕ್ಕೆ ಈ ಸ್ಥಾನ ಸಿಗಲು ಕಾರಣವಾದ ಪ್ರಶ್ನೆ ಮಾತ್ರ ಹುಟ್ಟಿದ್ದು ಶಸ್ತ್ರವೈದ್ಯರ ಮತ್ತು ರೋಗವಿಜ್ಞಾನಿಗಳ ಮೇಜಿನ ಮೇಲೆ.

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ 1932ರಲ್ಲಿ ಈ ಕ್ಯಾನ್ಸರಿಗೆ ಮೂರು ಹಂತಗಳನ್ನು ಗುರುತಿಸಿದರು: ಗೋಡೆಯೊಳಗೇ ಇರುವುದು, ಗೋಡೆ ದಾಟಿದ್ದು, ದುಗ್ಧಗ್ರಂಥಿಗಳಿಗೆ ಹರಡಿದ್ದು. ಇದೆಲ್ಲ ತಿಳಿಯುತ್ತಿದ್ದುದು ಕತ್ತರಿಸಿ ತೆಗೆದ ಭಾಗವನ್ನು ಪರೀಕ್ಷಿಸಿದ ಮೇಲೆ. ಚಿಕಿತ್ಸೆಯನ್ನು ಯೋಜಿಸುವ ಹೊತ್ತು ಆಗಲೇ ಮೀರಿರುತ್ತಿತ್ತು.

ಮುಂದಿನ ದೊಡ್ಡ ತಿರುವು 1982ರಲ್ಲಿ ಬಂತು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಗುದನಾಳವನ್ನು ಸುತ್ತುವರಿದ ಕೊಬ್ಬಿನ ಪದರದತ್ತ ಕೈತೋರಿದರು. ಮೆಸೊರೆಕ್ಟಮ್ ಎಂಬ ಈ ಕೊಬ್ಬಿನಲ್ಲಿ ರಕ್ತನಾಳಗಳೂ ದುಗ್ಧಗ್ರಂಥಿಗಳೂ ಇವೆ. ಹೊರಗೆ ತೆಳುವಾದ ಪೊರೆಯಿದೆ. ಅರಿಸಿನ ಎಲೆಯ ಕಡುಬನ್ನು ಎಲೆ ಹರಿಯದಂತೆ ಎತ್ತುವ ಹಾಗೆ, ಪೊರೆ ಹರಿಯದಂತೆ ಇಡೀ ಪೊಟ್ಟಣವನ್ನೇ ಹೊರತೆಗೆಯಬೇಕು ಎಂಬುದು ಅವರ ವಾದ. ಇದನ್ನು ಪುಷ್ಟೀಕರಿಸಿದ್ದು 1986ರಲ್ಲಿ ಲೀಡ್ಸ್‌ನ ಫಿಲ್ ಕ್ವರ್ಕ್ ಮತ್ತು ಸಂಗಡಿಗರ ಅಧ್ಯಯನ. ತೆಗೆದ ಗುದನಾಳವನ್ನು ಅವರು ಅಡ್ಡಡ್ಡ ಬಿಲ್ಲೆಗಳಾಗಿ ಕೊಯ್ದು ನೋಡಿದರು. 52 ರೋಗಿಗಳಲ್ಲಿ 14 ಮಂದಿಯ ಪಾರ್ಶ್ವದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿತ್ತು. ಅವರಲ್ಲಿ 12 ಮಂದಿಗೆ ರೋಗ ಅದೇ ಜಾಗದಲ್ಲಿ ಮರುಕಳಿಸಿತು. ಗಡ್ಡೆ ಎಷ್ಟು ದೊಡ್ಡದು ಎಂಬುದಕ್ಕಿಂತ ಆ ಪೊರೆಗೆ ಎಷ್ಟು ಹತ್ತಿರವಿದೆ ಎಂಬುದು ಮುಖ್ಯ ಎಂದು ಆಗ ಸ್ಪಷ್ಟವಾಯಿತು. ಹಾಗಾದರೆ ಈ ಅಂತರವನ್ನು ಕೊಯ್ಯುವ ಮೊದಲೇ ಅಳೆಯುವುದು ಹೇಗೆ?

1980ರ ದಶಕದಲ್ಲಿ ಗುದನಾಳದೊಳಗೆ ಇಳಿಸುವ ಅಲ್ಟ್ರಾಸೌಂಡ್ ಬಂತು. ಗೋಡೆಯ ಪದರಗಳನ್ನು ಅದು ಚೆನ್ನಾಗಿ ತೋರಿಸುತ್ತದೆ. ಆರಂಭದ ಹಂತದ ಗಡ್ಡೆಗಳಿಗೆ ಇಂದಿಗೂ ಉಪಯುಕ್ತ. ಆದರೆ ದೂರದ ಪೊರೆ ಅದರ ಕಣ್ಣಿಗೆ ಬೀಳುವುದಿಲ್ಲ. ಗಡ್ಡೆಯಿಂದ ಕಿರಿದಾದ ನಾಳದಲ್ಲಿ ನಳಿಗೆ ಮುಂದೆ ಹೋಗುವುದೂ ಇಲ್ಲ. ಸಿ.ಟಿ. ಸ್ಕ್ಯಾನ್ ಯಕೃತ್ತು, ಶ್ವಾಸಕೋಶಗಳಿಗೆ ರೋಗ ಹರಡಿದೆಯೇ ಎಂದು ಹುಡುಕಲು ಒಳ್ಳೆಯದು. ಮೃದು ಅಂಗಾಂಶಗಳ ಸೂಕ್ಷ್ಮ ವ್ಯತ್ಯಾಸ ಹೇಳುವುದರಲ್ಲಿ ಹಿಂದೆ. ಮೊದಮೊದಲ ಎಂಆರ್‌ಐ ಚಿತ್ರಗಳೂ ಮಸುಕಾಗಿದ್ದವು. ಸಂಕೇತ ಹಿಡಿಯುವ ಕಾಯಿಲ್ (ತಂತಿಸುರುಳಿ) ಅನ್ನು ಗುದನಾಳದೊಳಗೇ ಇರಿಸಿ ನೋಡಿದಾಗ ಹತ್ತಿರದ್ದು ಸ್ಪಷ್ಟವಾಯಿತು, ದೂರದ್ದು ಮಬ್ಬಾಗಿಯೇ ಉಳಿಯಿತು. 1990ರ ದಶಕದಲ್ಲಿ ಸೊಂಟದ ಮೇಲೆ ಹೊದಿಸುವ ಹಲವು ಕಾಯಿಲ್‌ಗಳ ಜೋಡಣೆ ಬಂದ ಮೇಲೆ ಇಡೀ ಪ್ರದೇಶ ನಿಚ್ಚಳವಾಯಿತು.

1999ರಲ್ಲಿ ವೇಲ್ಸ್‌ನ ರೇಡಿಯಾಲಜಿಸ್ಟ್ ಜೀನಾ ಬ್ರೌನ್ ಮತ್ತು ಸಂಗಡಿಗರು 28 ರೋಗಿಗಳಲ್ಲಿ ತೆಳು ಪದರಗಳ ಎಂಆರ್‌ಐ ಮಾಡಿ, ಶಸ್ತ್ರಚಿಕಿತ್ಸೆಯ ನಂತರದ ಫಲಿತಾಂಶದೊಂದಿಗೆ ತಾಳೆ ನೋಡಿದರು. 2001ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಿಂದ ರೆಜಿನಾ ಬೀಟ್ಸ್-ಟಾನ್ ತಂಡ 76 ರೋಗಿಗಳ ಅಂಚನ್ನು ಮೊದಲೇ ಅಂದಾಜಿಸಿದ ವರದಿ ನೀಡಿತು. ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ಸ್ನಾಯುಗೋಡೆ ಕಪ್ಪಗೆ, ಗಡ್ಡೆ ನಡುವಿನ ಬೂದುಬಣ್ಣದಲ್ಲಿ ಕಾಣುತ್ತದೆ. ಹೀಲ್ಡ್ ಹೇಳಿದ ಪೊರೆ ಬಿಳಿ ಕೊಬ್ಬಿನ ಹೊರಗೆ ಸಣ್ಣ ಕಪ್ಪು ಗೆರೆಯಾಗಿ ಮೂಡುತ್ತದೆ. ಆ ಗೆರೆಯಿಂದ ಗಡ್ಡೆ 1 ಮಿಲಿಮೀಟರ್‌ಗಿಂತ ಹೆಚ್ಚು ದೂರವಿದ್ದರೆ ಅಂಚು ಸುರಕ್ಷಿತ ಎಂಬ ಲೆಕ್ಕ ಮುಂದೆ ಗಟ್ಟಿಯಾಯಿತು.

ಇದು ಒಬ್ಬಿಬ್ಬರು ನಿಪುಣರ ಕಣ್ಣಿನ ಚಮತ್ಕಾರವಲ್ಲ ಎಂದು ಸಾಬೀತುಪಡಿಸಿದ್ದು ಯುರೋಪಿನ ನಾಲ್ಕು ದೇಶಗಳ 11 ಕೇಂದ್ರಗಳು ಸೇರಿ ನಡೆಸಿದ ಮರ್ಕ್ಯುರಿ ಅಧ್ಯಯನ. 2006ರಲ್ಲಿ ಪ್ರಕಟವಾದ ಈ ಅಧ್ಯಯನದ 408 ರೋಗಿಗಳಲ್ಲಿ 354 ಮಂದಿಯ ಅಂಚು ಶುದ್ಧವಾಗಿತ್ತು. ಅವರಲ್ಲಿ 327 ಮಂದಿಯ ಬಗ್ಗೆ ಎಂಆರ್‌ಐ ಮುಂಚೆಯೇ ಸರಿಯಾಗಿ ಹೇಳಿತ್ತು.

ಇದೇ ಕಾಲದಲ್ಲಿ ಚಿಕಿತ್ಸೆಯೂ ಬದಲಾಗುತ್ತಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಅಲ್ಪಾವಧಿಯ ವಿಕಿರಣ ಕೊಟ್ಟರೆ ಎರಡು ವರ್ಷಗಳಲ್ಲಿ ಅದೇ ಜಾಗದ ಮರುಕಳಿಕೆ ಶೇ. 8.2ರಿಂದ 2.4ಕ್ಕೆ ಇಳಿಯುತ್ತದೆ ಎಂದು 2001ರ ಡಚ್ ಅಧ್ಯಯನ ತೋರಿಸಿತು. ಆದರೆ ವಿಕಿರಣಕ್ಕೂ ಬೆಲೆ ತೆರಬೇಕು: ಮಲದ ಹತೋಟಿ, ಲೈಂಗಿಕ ಸಾಮರ್ಥ್ಯ, ಫಲವಂತಿಕೆಗಳಿಗೆ ಅದು ಕುತ್ತು ತರಬಹುದು. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವಿಂಗಡಿಸುವ ಕೆಲಸ ಎಂಆರ್‌ಐಯ ಪಾಲಿಗೆ ಬಂತು. ಗಡ್ಡೆ ಗೋಡೆ ದಾಟಿ ಎಷ್ಟು ಮಿಲಿಮೀಟರ್ ಹೋಗಿದೆ, ಹೊರಗಿನ ರಕ್ತನಾಳಕ್ಕೆ ನುಗ್ಗಿದೆಯೇ ಎಂಬುವೂ ವರದಿಗೆ ಸೇರಿದವು. ಎಂಆರ್‌ಐಯಲ್ಲಿ ಅಪಾಯ ಕಡಿಮೆ ಎನಿಸಿದ 82 ರೋಗಿಗಳನ್ನು ಕೆನಡಾದ ಅಧ್ಯಯನವೊಂದರಲ್ಲಿ ನೇರವಾಗಿ ಶಸ್ತ್ರಚಿಕಿತ್ಸೆಗೆ ಒಯ್ದರು. ಅಂಚಿನಲ್ಲಿ ಕ್ಯಾನ್ಸರ್ ಸಿಕ್ಕಿದ್ದು ನಾಲ್ವರಲ್ಲಿ. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಈಗಿನ ಪ್ರಶ್ನೆ ಇನ್ನೂ ದಿಟ್ಟವಾದದ್ದು: ಕೊಯ್ಯದೆಯೇ ಇರಬಹುದೇ? ಕಿಮೊ ಮತ್ತು ವಿಕಿರಣದಿಂದ ಗಡ್ಡೆ ಪೂರ್ತಿ ಕರಗಿದವರನ್ನು ಕಾದು ನೋಡುವ ಕ್ರಮವನ್ನು ಬ್ರೆಜಿಲ್‌ನ ಸಾವೊ ಪಾವ್ಲೊದ ಶಸ್ತ್ರವೈದ್ಯೆ ಏಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ ಮುಂದಿಟ್ಟಾಗ ಹಲವರು ಹುಬ್ಬೇರಿಸಿದರು. ಇಂದು ಆಯ್ದ ರೋಗಿಗಳಲ್ಲಿ ಅದು ಒಪ್ಪಿತ ಮಾರ್ಗ. ಇಲ್ಲಿ ಬೆರಳು, ಎಂಡೋಸ್ಕೋಪಿ, ಎಂಆರ್‌ಐ ಮೂರೂ ಒಂದೇ ಮಾತು ಹೇಳಬೇಕು. ಕರಗಿದ ಗಡ್ಡೆಯ ಜಾಗದಲ್ಲಿ ಕಪ್ಪು ಗಾಯದ ಕಲೆ ಉಳಿಯುತ್ತದೆ. ಅದರೊಳಗೆ ಜೀವಂತ ಕ್ಯಾನ್ಸರ್ ಅಡಗಿದೆಯೇ ಎಂದು ನೋಡಲು ನೀರಿನ ಅಣುಗಳ ಓಡಾಟವನ್ನು ಅಳೆಯುವ ಡಿಫ್ಯೂಷನ್ ಚಿತ್ರಗಳು ನೆರವಾಗುತ್ತವೆ.

ಇಷ್ಟಾದರೂ ಎಂಆರ್‌ಐ ಎಡವುವ ಜಾಗಗಳಿವೆ. ದುಗ್ಧಗ್ರಂಥಿ ದಪ್ಪಗಿದ್ದ ಮಾತ್ರಕ್ಕೆ ಅದರಲ್ಲಿ ಕ್ಯಾನ್ಸರ್ ಇರಬೇಕೆಂದಿಲ್ಲ. ಚಿಕ್ಕದರಲ್ಲಿ ಇರಬಾರದೆಂದೂ ಇಲ್ಲ. ಗೋಡೆಯ ಒಳಪದರದಲ್ಲೇ ಇರುವ ಗಡ್ಡೆಯನ್ನೂ ಸ್ನಾಯುವಿಗೆ ಇಳಿದದ್ದನ್ನೂ ಅದು ಸುಲಭವಾಗಿ ಬೇರ್ಪಡಿಸಲಾರದು. ಪದರಗಳನ್ನು ಗಡ್ಡೆಯಿರುವ ನಾಳಕ್ಕೆ ಸರಿಯಾಗಿ ಲಂಬವಾಗಿ ತೆಗೆಯದಿದ್ದರೆ ಒಳ್ಳೆಯ ಯಂತ್ರವೂ ಸುಳ್ಳು ಹೇಳುತ್ತದೆ: ಓರೆಯಾಗಿ ಕೊಯ್ದ ಚಿತ್ರದಲ್ಲಿ ಗೋಡೆ ದಾಟದ ಗಡ್ಡೆ ದಾಟಿದಂತೆ ಕಾಣಬಹುದು.

ಓದುಗರಿಗೆ ಎರಡು ಮಾತು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಕೂರಬೇಡಿ. ಗುದನಾಳದ ಕ್ಯಾನ್ಸರ್ ಎಂದು ಖಚಿತವಾದರೆ, ಚಿಕಿತ್ಸೆ ಆರಂಭಿಸುವ ಮೊದಲೇ ಸೊಂಟದ ಎಂಆರ್‌ಐ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಒಮ್ಮೆ ವಿಕಿರಣ ಶುರುವಾದರೆ ಗಡ್ಡೆಯ ಮೊದಲ ರೂಪವನ್ನು ಮತ್ತೆ ಚಿತ್ರಿಸಲು ಸಾಧ್ಯವಿಲ್ಲ.